ಗೇಮಿಂಗ್ ಕಂಪ್ಯೂಟರ್‌ಗೆ ಕಡಿಮೆ ಬೆಲೆಯ ಎಸ್‌ಎಸ್‌ಡಿ ಬೇಕಾ? ಡಬ್ಬದ ಮೇಲಿನ ಸ್ಪೀಡ್ ನೋಡಿ ದುಡ್ಡು ಕೊಡಬೇಡಿ, ಮೊದಲು ಇಷ್ಟು ತಿಳ್ಕೊಳ್ಳಿ

ಶಿವಮೊಗ್ಗ: ‘ಅಣ್ಣ, 1 ಟಿಬಿ ಎಸ್‌ಎಸ್‌ಡಿಯಲ್ಲಿ ಕಡಿಮೆದು ಯಾವುದಿದೆ?’ ಕಂಪ್ಯೂಟರ್ ಅಂಗಡಿಗಳ ಕೌಂಟರ್‌ನಲ್ಲಿ ದಿನಾ ಕೇಳಿಬರುವ ಪ್ರಶ್ನೆ ಇದು. ಅಂಗಡಿಯವರು ಮೂರು ಡಬ್ಬ ತೆಗೆದು ಮುಂದಿಡುತ್ತಾರೆ. ಮೂರೂ 1 ಟಿಬಿಯವೇ. ಒಂದರ ಸ್ಪೀಡ್ 6000, ಇನ್ನೊಂದರದ್ದು 5000, ಮತ್ತೊಂದರದ್ದು 4150. ‘ಜಾಸ್ತಿ ಸ್ಪೀಡ್ ಇರೋದೇ ಕೊಡಿ’ ಅಂತಾನೆ ಮಗ. ಅಪ್ಪ ಜೇಬಿಗೆ ಕೈ ಹಾಕ್ತಾರೆ.

ಎಡವೋದು ಇಲ್ಲೇ. ಕಡಿಮೆ ಬಜೆಟ್‌ನಲ್ಲಿ ಎಸ್‌ಎಸ್‌ಡಿ ಕೊಳ್ಳುವವರು ಕೊನೆಯಲ್ಲಿ ನೋಡಬೇಕಾದ ಅಂಕಿಯನ್ನೇ ಮೊದಲು ನೋಡುತ್ತಾರೆ. ಮನೆಯಲ್ಲಿ ಇರೋದು ಒಂದೇ ಕಂಪ್ಯೂಟರ್. ಗೇಮ್ ಇರುವ ಡ್ರೈವ್‌ನಲ್ಲೇ ಕಾಲೇಜಿನ ಪ್ರಾಜೆಕ್ಟ್, ಅಕ್ಕನ ಮದುವೆ ಫೋಟೊ, ಜಮೀನಿನ ದಾಖಲೆಗಳ ಸ್ಕ್ಯಾನ್ ಕಾಪಿ ಎಲ್ಲವೂ ಇರುತ್ತೆ. ಹೀಗಾಗಿ ಡ್ರೈವ್ ಕೈ ಕೊಟ್ಟರೆ ಗೇಮ್ ಒಂದೇ ಹೋಗಲ್ಲ.

ಹಾಗಾದ್ರೆ ಕಡಿಮೆ ದುಡ್ಡಲ್ಲಿ ನಂಬಿಕೆಯ ಎಸ್‌ಎಸ್‌ಡಿ ಆರಿಸೋದು ಹೇಗೆ? ಇಲ್ಲಿದೆ ಮಾಹಿತಿ.

ಈಗ ಯಾಕೆ ಹೆಚ್ಚು ಎಚ್ಚರ ಬೇಕು?

2023ರಲ್ಲಿ ಎಸ್‌ಎಸ್‌ಡಿ ಬೆಲೆ ಪಾತಾಳಕ್ಕೆ ಇಳಿದಿತ್ತು. ಆಗ ಕೊಂಡವರು ಅದೃಷ್ಟವಂತರು. 2025ರ ಕೊನೆಯ ಹೊತ್ತಿಗೆ ಲೆಕ್ಕ ಉಲ್ಟಾ ಆಯ್ತು. ಎಐ ಡೇಟಾ ಸೆಂಟರ್‌ಗಳು ಮೆಮೊರಿ ಚಿಪ್‌ಗಳನ್ನು ದೊಡ್ಡ ಪ್ರಮಾಣದಲ್ಲಿ ಖರೀದಿಸತೊಡಗಿದ ಮೇಲೆ RAM ಜೊತೆಗೆ ಎಸ್‌ಎಸ್‌ಡಿ ಬೆಲೆಯೂ ಏರಿತು. 2025ರ ಡಿಸೆಂಬರ್‌ನಲ್ಲಿ ಮೈಕ್ರಾನ್ ಕಂಪನಿ, ಬಜೆಟ್ ಗ್ರಾಹಕರ ನೆಚ್ಚಿನ ‘ಕ್ರೂಷಿಯಲ್’ ಬ್ರ್ಯಾಂಡ್‌ನ ವ್ಯವಹಾರದಿಂದಲೇ ಹೊರಬರುವುದಾಗಿ ಘೋಷಿಸಿತು. 2026ರ ಫೆಬ್ರವರಿವರೆಗೆ ಮಾಲು ಕಳಿಸುತ್ತೇವೆ, ಈಗಾಗಲೇ ಮಾರಾಟವಾದ ಡ್ರೈವ್‌ಗಳ ವಾರಂಟಿ ಮುಂದುವರಿಯುತ್ತದೆ ಎಂದೂ ತಿಳಿಸಿತು.

ಬೆಲೆ ಏರಿದಾಗ ಎರಡು ತೊಂದರೆ. ಒಂದು, ಹೆಸರೇ ಕೇಳಿರದ ಬ್ರ್ಯಾಂಡ್‌ಗಳ ಕಡೆ ಗ್ರಾಹಕರ ಕೈ ಹೋಗುತ್ತೆ. ಇನ್ನೊಂದು, ಹಳೇ ಡ್ರೈವ್‌ಗೆ ಹೊಸ ಸ್ಟಿಕ್ಕರ್ ಹಚ್ಚಿ ಮಾರುವವರಿಗೆ, ನಕಲಿ ಮಾಲಿನವರಿಗೆ ಸುಗ್ಗಿ.

ಮೊದಲು ನಿಮ್ಮ ಕಂಪ್ಯೂಟರ್ ನೋಡ್ಕೊಳ್ಳಿ

ಅಂಗಡಿಗೆ ಹೋಗುವ ಮುಂಚೆ ಮನೆಯಲ್ಲಿ ಮಾಡಬೇಕಾದ ಕೆಲಸ ಇದು. ಮದರ್‌ಬೋರ್ಡ್ ಯಾವುದು, ಅದಕ್ಕೆ ಯಾವ ಥರದ ಎಸ್‌ಎಸ್‌ಡಿ ಕೂರುತ್ತೆ ಅನ್ನೋದು ಗೊತ್ತಿರಬೇಕು. ಮದರ್‌ಬೋರ್ಡ್ ಮೇಲೆಯೇ ಮಾಡೆಲ್ ಹೆಸರು ಅಚ್ಚಾಗಿರುತ್ತದೆ. ಅದರ ಫೋಟೊ ತಗೊಂಡು ಹೋದರೂ ಸಾಕು.

ಮಾರುಕಟ್ಟೆಯಲ್ಲಿ ಮುಖ್ಯವಾಗಿ ಎರಡು ಥರದವು ಸಿಗುತ್ತವೆ.

• ಸಾಟಾ ಎಸ್‌ಎಸ್‌ಡಿ: ಎರಡೂವರೆ ಇಂಚಿನ ಚಪ್ಪಟೆ ಡಬ್ಬಿ. ಹಳೇ ಹಾರ್ಡ್ ಡಿಸ್ಕ್‌ನಂತೆಯೇ ಎರಡು ಕೇಬಲ್ ಜೋಡಿಸಬೇಕು. ಸೆಕೆಂಡಿಗೆ ಹೆಚ್ಚೆಂದರೆ ಸುಮಾರು 550 ಎಂಬಿ ಓದುತ್ತದೆ.

• ಎನ್‌ವಿಎಂಇ ಎಸ್‌ಎಸ್‌ಡಿ: ಚ್ಯೂಯಿಂಗ್ ಗಮ್ ಪಟ್ಟಿಯಂತಿರುತ್ತದೆ. ಬೋರ್ಡ್ ಮೇಲಿನ ಎಂ.2 ಸ್ಲಾಟ್‌ಗೆ ನೇರವಾಗಿ ಕೂರುತ್ತದೆ. ಮೂರನೇ ತಲೆಮಾರಿನದ್ದು ಸೆಕೆಂಡಿಗೆ ಸುಮಾರು 3500 ಎಂಬಿ, ನಾಲ್ಕನೇ ತಲೆಮಾರಿನದ್ದು 7000 ಎಂಬಿವರೆಗೂ ಓದಬಲ್ಲದು. 2280 ಅಂತ ಬರೆದಿದ್ದರೆ 22 ಮಿ.ಮೀ. ಅಗಲ, 80 ಮಿ.ಮೀ. ಉದ್ದ ಎಂದರ್ಥ. ಡೆಸ್ಕ್‌ಟಾಪ್‌ಗೆ ಸಾಮಾನ್ಯವಾಗಿ ಇದೇ ಅಳತೆ.

ಗೊಂದಲ ಆಗೋದು ಎಂ.2 ಅನ್ನೋ ಹೆಸರಲ್ಲಿ. ಎಂ.2 ಅನ್ನೋದು ಆಕಾರದ ಹೆಸರು ಅಷ್ಟೇ. ಅದೇ ಆಕಾರದಲ್ಲಿ ಸಾಟಾ ಡ್ರೈವ್ ಕೂಡ ಬರುತ್ತೆ. ನೋಡೋಕೆ ಒಂದೇ ಥರ ಇದ್ದರೂ ಎನ್‌ವಿಎಂಇ ಮಾತ್ರ ಒಪ್ಪುವ ಸ್ಲಾಟ್‌ಗೆ ಎಂ.2 ಸಾಟಾ ಹಾಕಿದ್ರೆ ಕೆಲಸ ಮಾಡಲ್ಲ. ಕೆಲವು ಬೋರ್ಡ್‌ಗಳಲ್ಲಿ ಎಂ.2 ಸ್ಲಾಟ್ ಬಳಸಿದ ತಕ್ಷಣ ಒಂದೆರಡು ಸಾಟಾ ಪೋರ್ಟ್ ಬಂದ್ ಆಗುತ್ತವೆ. ಹೊಸ ಡ್ರೈವ್ ಹಾಕಿದ ಮೇಲೆ ಹಳೇ ಹಾರ್ಡ್ ಡಿಸ್ಕ್ ಕಾಣಿಸ್ತಿಲ್ಲ ಅಂತ ಗಾಬರಿ ಬೀಳುವವರು, ಅದರ ಕೇಬಲನ್ನು ಬೇರೆ ಪೋರ್ಟ್‌ಗೆ ಬದಲಿಸಿ ನೋಡಬೇಕು.

ಬೆಂಗಳೂರಿನ ಎಸ್‌.ಪಿ. ರಸ್ತೆಯಿಂದಲೋ, ಆನ್‌ಲೈನ್‌ನಿಂದಲೋ ಹಳೇ ಆಫೀಸ್ ಕಂಪ್ಯೂಟರ್ ತಂದು, ಗ್ರಾಫಿಕ್ಸ್ ಕಾರ್ಡ್ ಸೇರಿಸಿ ಗೇಮಿಂಗ್ ಪಿಸಿ ಮಾಡಿಕೊಂಡವರು ಇನ್ನೂ ಹುಷಾರಾಗಿರಬೇಕು. ಎಚ್61 ಚಿಪ್‌ಸೆಟ್‌ನ ಬೋರ್ಡ್‌ಗಳಲ್ಲಿ ಎಂ.2 ಸ್ಲಾಟ್ ಇಲ್ಲ. ಚಿಪ್‌ಸೆಟ್‌ನ ಸಾಟಾ ಪೋರ್ಟ್‌ಗಳೂ ಹಳೇ ತಲೆಮಾರಿನವು. 550 ಎಂಬಿಯ ಡ್ರೈವ್ ಹಾಕಿದರೂ ಅರ್ಧದಷ್ಟೇ ವೇಗ ಸಿಗುತ್ತೆ. ಎಚ್81 ಬೋರ್ಡ್‌ನಲ್ಲಿ ಎರಡು ಪೋರ್ಟ್ ವೇಗದವು, ಎರಡು ನಿಧಾನದವು. ಕೇಬಲ್ ಯಾವುದಕ್ಕೆ ಹಾಕ್ತೀರಿ ಅನ್ನೋದು ಮುಖ್ಯ. ಇಂಥ ಕಂಪ್ಯೂಟರ್‌ಗೆ ದುಬಾರಿ ಎನ್‌ವಿಎಂಇ ತಂದು ಅಡಾಪ್ಟರ್ ಕಾರ್ಡ್ ಹುಡುಕುವ ಬದಲು ಒಳ್ಳೆಯ ಸಾಟಾ ಎಸ್‌ಎಸ್‌ಡಿ ಹಾಕೋದೇ ಲೇಸು.

ಎಸ್‌ಎಸ್‌ಡಿ ಹಾಕಿದ್ರೆ ಎಫ್‌ಪಿಎಸ್ ಜಾಸ್ತಿ ಆಗುತ್ತಾ?

ಇಲ್ಲ. ಒಂದು ಸೆಕೆಂಡಿಗೆ ಎಷ್ಟು ಚಿತ್ರ ಪರದೆಗೆ ಬರುತ್ತೆ ಅನ್ನೋದನ್ನು ಗ್ರಾಫಿಕ್ಸ್ ಕಾರ್ಡ್ ಮತ್ತು ಪ್ರೊಸೆಸರ್ ತೀರ್ಮಾನಿಸುತ್ತವೆ. ಎಸ್‌ಎಸ್‌ಡಿಯ ಕೆಲಸ ಬೇರೆ. ಗೇಮ್ ಬೇಗ ತೆರೆದುಕೊಳ್ಳುತ್ತೆ, ಮ್ಯಾಪ್ ಬೇಗ ಲೋಡ್ ಆಗುತ್ತೆ. ದೊಡ್ಡ ಓಪನ್ ವರ್ಲ್ಡ್ ಗೇಮ್‌ಗಳಲ್ಲಿ ಗಾಡಿ ಜೋರಾಗಿ ಓಡಿಸುವಾಗ ರಸ್ತೆ, ಕಟ್ಟಡ ತಡವಾಗಿ ಮೂಡಿ ಆಟ ತಡವರಿಸೋದು ಕಡಿಮೆಯಾಗುತ್ತೆ.

ಹಾರ್ಡ್ ಡಿಸ್ಕ್‌ನಿಂದ ಎಸ್‌ಎಸ್‌ಡಿಗೆ ಬಂದಾಗ ಆಗುವ ಬದಲಾವಣೆ ದೊಡ್ಡದು, ಕಣ್ಣಿಗೆ ರಾಚುತ್ತೆ. ಸಾಟಾದಿಂದ ಎನ್‌ವಿಎಂಇಗೆ ಹೋದಾಗ ಹೆಚ್ಚಿನ ಗೇಮ್‌ಗಳಲ್ಲಿ ಕೆಲವು ಸೆಕೆಂಡ್‌ಗಳ ವ್ಯತ್ಯಾಸ ಅಷ್ಟೇ. ನಾಲ್ಕನೇ ತಲೆಮಾರಿನಲ್ಲೇ 4000ಕ್ಕೂ 6000ಕ್ಕೂ ಇರುವ ವ್ಯತ್ಯಾಸ ಆಡುವವರಿಗೆ ಗೊತ್ತಾಗೋದೇ ಕಷ್ಟ. ಆದ್ದರಿಂದ ಆ ಅಂಕಿಗಾಗಿ ಹೆಚ್ಚು ದುಡ್ಡು ಕೊಡುವ ಅಗತ್ಯ ಇಲ್ಲ.

ಎಷ್ಟು ಜಾಗ ಬೇಕು?

ಈಗಿನ ಗೇಮ್‌ಗಳ ಹೊಟ್ಟೆ ದೊಡ್ಡದು. ತಯಾರಕರೇ ಕೊಟ್ಟಿರುವ ಲೆಕ್ಕ ನೋಡಿ.

• ರೆಡ್ ಡೆಡ್ ರಿಡೆಂಪ್ಷನ್ 2: 150 ಜಿಬಿ
• ಬಾಲ್ಡರ್ಸ್ ಗೇಟ್ 3: 150 ಜಿಬಿ, ಎಸ್‌ಎಸ್‌ಡಿ ಕಡ್ಡಾಯ
• ಸ್ಟಾರ್‌ಫೀಲ್ಡ್: 125 ಜಿಬಿ, ಎಸ್‌ಎಸ್‌ಡಿ ಕಡ್ಡಾಯ
• ಕೌಂಟರ್ ಸ್ಟ್ರೈಕ್ 2: 85 ಜಿಬಿ
• ಸೈಬರ್‌ಪಂಕ್ 2077: 70 ಜಿಬಿ, ಎಸ್‌ಎಸ್‌ಡಿ ಬೇಕು

500 ಜಿಬಿ ಡ್ರೈವ್ ತಂದರೆ ವಿಂಡೋಸ್‌ನಲ್ಲಿ ಕಾಣೋದು ಸುಮಾರು 465 ಜಿಬಿ. 1 ಟಿಬಿ ತಂದರೆ 931 ಜಿಬಿ. ಇದು ಮೋಸ ಅಲ್ಲ. ಕಂಪನಿಗಳು ಸಾವಿರದ ಲೆಕ್ಕದಲ್ಲಿ ಎಣಿಸುತ್ತವೆ, ವಿಂಡೋಸ್ 1024ರ ಲೆಕ್ಕದಲ್ಲಿ ತೋರಿಸುತ್ತೆ. ವಿಂಡೋಸ್ 11ಕ್ಕೆ ಕನಿಷ್ಠ 64 ಜಿಬಿ ಜಾಗ ಇರಬೇಕು. ಮೇಲಾಗಿ ಎಸ್‌ಎಸ್‌ಡಿಯನ್ನು ಕಂಠಪೂರ್ತಿ ತುಂಬಿಸಬಾರದು. ನೂರಕ್ಕೆ 15ರಷ್ಟಾದರೂ ಖಾಲಿ ಬಿಟ್ಟರೆ ವೇಗವೂ ಉಳಿಯುತ್ತೆ, ಆಯಸ್ಸೂ ಉಳಿಯುತ್ತೆ. ಇದೆಲ್ಲ ಕಳೆದರೆ 500 ಜಿಬಿ ಡ್ರೈವ್‌ನಲ್ಲಿ ದೊಡ್ಡ ಗೇಮ್ ಎರಡು ಹಿಡಿಯುತ್ತವೆ, ಅಷ್ಟೇ.

‘ಒಂದು ಡಿಲೀಟ್ ಮಾಡಿ ಇನ್ನೊಂದು ಹಾಕ್ಕೋತೀನಿ’ ಅನ್ನಬಹುದು. ಶಿವಮೊಗ್ಗ ನಗರದಲ್ಲಿ ಫೈಬರ್ ಇದ್ದವರಿಗೆ ಅದು ನಡೆಯುತ್ತೆ. ಹೊಸನಗರ, ತೀರ್ಥಹಳ್ಳಿ ಕಡೆಯ ಹಳ್ಳಿಯಲ್ಲಿ 40 ಎಂಬಿಪಿಎಸ್ ನೆಟ್ ಸರಾಗವಾಗಿ ಸಿಕ್ಕರೂ 150 ಜಿಬಿ ಇಳಿಸಿಕೊಳ್ಳೋಕೆ ಎಂಟು ಗಂಟೆಗೂ ಹೆಚ್ಚು ಬೇಕು. ಮಳೆಗಾಲದಲ್ಲಿ ಕರೆಂಟೂ ನೆಟ್ಟೂ ಅಷ್ಟು ಹೊತ್ತು ಒಟ್ಟಿಗೆ ಇರೋದು ಯಾವ ಪುಣ್ಯಕ್ಕೋ! ಹೊಸ ದೊಡ್ಡ ಗೇಮ್‌ಗಳನ್ನು ಆಡುವವರು ಬಜೆಟ್ ಹೊಂದಿಸಿ 1 ಟಿಬಿ ತಗೊಳ್ಳೋದೇ ಉತ್ತಮ. ಆಡೋದು ಸಣ್ಣ ಗೇಮ್‌ಗಳೇ ಆದ್ರೆ 500 ಜಿಬಿ ಸಾಕು.

ಮೂರು ಡಬ್ಬಗಳ ಗುಟ್ಟು

ಮೊದಲು ಹೇಳಿದ ಮೂರು ಡಬ್ಬಗಳಿಗೆ ಬರೋಣ. ಮೂರೂ ಬಜೆಟ್ ಗ್ರಾಹಕರು ಹೆಚ್ಚು ಕೇಳುವ ಮಾಡೆಲ್‌ಗಳೇ. ಸ್ಪೀಡ್ ಅಂಕಿಯ ಪಕ್ಕದಲ್ಲಿ ಇನ್ನೊಂದು ಅಂಕಿ ಇಟ್ಟು ನೋಡಿ.

• ಕಿಂಗ್‌ಸ್ಟನ್ ಎನ್‌ವಿ3, 1 ಟಿಬಿ: ಓದುವ ವೇಗ 6000, ಟಿಬಿಡಬ್ಲ್ಯು 320
• ಕ್ರೂಷಿಯಲ್ ಪಿ3 ಪ್ಲಸ್, 1 ಟಿಬಿ: ಓದುವ ವೇಗ 5000, ಟಿಬಿಡಬ್ಲ್ಯು 220
• ಡಬ್ಲ್ಯುಡಿ ಬ್ಲೂ ಎಸ್‌ಎನ್580, 1 ಟಿಬಿ: ಓದುವ ವೇಗ 4150, ಟಿಬಿಡಬ್ಲ್ಯು 600

ಸ್ಪೀಡ್ ಲೆಕ್ಕದಲ್ಲಿ ಕೊನೆಯಲ್ಲಿರುವ ಡ್ರೈವ್, ಬಾಳಿಕೆಯ ಲೆಕ್ಕದಲ್ಲಿ ಎಲ್ಲಕ್ಕಿಂತ ಮುಂದಿದೆ.

ಏನಿದು ಟಿಬಿಡಬ್ಲ್ಯು? ಈ ಡ್ರೈವ್ ಮೇಲೆ ಒಟ್ಟು ಎಷ್ಟು ಟೆರಾಬೈಟ್ ಬರೆಯುವ ತನಕ ಕಂಪನಿ ವಾರಂಟಿ ಕೊಡುತ್ತೆ ಅನ್ನೋ ಅಂಕಿ. 600 ಅಂದ್ರೆ 600 ಟೆರಾಬೈಟ್. ವಾರಂಟಿಯ ವರ್ಷ ಮುಗಿಯುವುದು ಅಥವಾ ಈ ಅಂಕಿ ಮುಟ್ಟುವುದು, ಯಾವುದು ಮೊದಲೋ ಅಲ್ಲಿಗೆ ವಾರಂಟಿ ಮುಗೀತು.

ಹಾಗಂತ 220 ಟಿಬಿಡಬ್ಲ್ಯು ನೋಡಿ ಹೆದರಬೇಕಿಲ್ಲ. ಗೇಮ್ ಆಡುವಾಗ ಡ್ರೈವ್ ಮಾಡೋದು ಹೆಚ್ಚಾಗಿ ಓದುವ ಕೆಲಸ. ಓದಿದ್ದು ಈ ಲೆಕ್ಕಕ್ಕೆ ಬರಲ್ಲ. ದಿನಕ್ಕೆ 40 ಜಿಬಿ ಬರೆದರೂ ವರ್ಷಕ್ಕೆ 15 ಟಿಬಿ ಕೂಡ ಆಗಲ್ಲ. 220 ಮುಟ್ಟಲು ಸುಮಾರು 15 ವರ್ಷ ಬೇಕು. ಅಷ್ಟರಲ್ಲಿ ಕಂಪ್ಯೂಟರೇ ಗುಜರಿ ಸೇರಿರುತ್ತೆ.

ಮತ್ತೆ ಈ ಅಂಕಿ ಯಾಕೆ ನೋಡಬೇಕು? ತನ್ನ ಮಾಲಿನ ಮೇಲೆ ಕಂಪನಿಗೇ ಎಷ್ಟು ನಂಬಿಕೆ ಇದೆ ಅನ್ನೋದನ್ನು ಇದು ಹೇಳುತ್ತೆ. ಜೊತೆಗೆ ಒಳಗೆ ಎಂಥ ಚಿಪ್ ಇದೆ ಅನ್ನೋದರ ಸುಳಿವೂ ಸಿಗುತ್ತೆ.

ಟಿಎಲ್‌ಸಿ, ಕ್ಯೂಎಲ್‌ಸಿ ಅಂದ್ರೆ ಏನು?

ಎಸ್‌ಎಸ್‌ಡಿ ಒಳಗಿನ ಚಿಪ್‌ನಲ್ಲಿ ಕೋಟಿಗಟ್ಟಲೆ ಸೂಕ್ಷ್ಮ ಕೋಶಗಳಿರುತ್ತವೆ. ಒಂದೊಂದು ಕೋಶದಲ್ಲಿ ವಿದ್ಯುತ್ ಕಣಗಳನ್ನು ಕೂಡಿಟ್ಟು ಮಾಹಿತಿ ಉಳಿಸಲಾಗುತ್ತದೆ. ಟಿಎಲ್‌ಸಿಯಲ್ಲಿ ಒಂದು ಕೋಶಕ್ಕೆ 3 ಬಿಟ್, ಕ್ಯೂಎಲ್‌ಸಿಯಲ್ಲಿ 4 ಬಿಟ್.

ಒಂದು ಲೋಟಕ್ಕೆ ಎಂಟು ಗೆರೆ ಎಳೆದು ನೀರಿನ ಮಟ್ಟ ಓದೋದು ಸುಲಭ. ಅದೇ ಲೋಟಕ್ಕೆ 16 ಗೆರೆ ಎಳೆದರೆ? ಗೆರೆಗಳು ಒತ್ತೊತ್ತಾಗುತ್ತವೆ, ನೀರು ಸುರಿಯುವಾಗಲೂ ಓದುವಾಗಲೂ ಹೆಚ್ಚು ಜಾಗರೂಕತೆ ಬೇಕು, ಹೊತ್ತೂ ಹೆಚ್ಚು ಹಿಡಿಯುತ್ತೆ. ಟಿಎಲ್‌ಸಿಯದ್ದು ಎಂಟು ಗೆರೆಯ ಲೋಟ, ಕ್ಯೂಎಲ್‌ಸಿಯದ್ದು 16 ಗೆರೆಯ ಲೋಟ. ಕ್ಯೂಎಲ್‌ಸಿ ಅಗ್ಗ. ಆದರೆ ಬರೆಯುವಾಗ ನಿಧಾನ, ಸವೆಯೋದೂ ಬೇಗ.

ಈ ನಿಧಾನವನ್ನು ಮುಚ್ಚಲು ಕಂಪನಿಗಳು ಒಂದು ಉಪಾಯ ಮಾಡಿವೆ. ಡ್ರೈವ್‌ನ ಸ್ವಲ್ಪ ಭಾಗವನ್ನು ವೇಗದ ಕ್ಯಾಶ್ ಆಗಿ ಬಳಸುತ್ತವೆ. ಡಬ್ಬದ ಮೇಲೆ ಹಾಕೋದು ಈ ಕ್ಯಾಶ್‌ನ ವೇಗ. ಅದು ತುಂಬಿದ ಮೇಲೆ ನಿಜವಾದ ವೇಗ ಹೊರಬೀಳುತ್ತೆ. ಸ್ಯಾಮ್‌ಸಂಗ್‌ನ 870 ಕ್ಯೂವಿಒ 1 ಟಿಬಿ ಮಾಡೆಲ್‌ನಲ್ಲಿ ಕ್ಯಾಶ್ ಹೆಚ್ಚೆಂದರೆ 42 ಜಿಬಿ. ಅದು ಮುಗಿದ ಮೇಲೆ ಬರೆಯುವ ವೇಗ ಸೆಕೆಂಡಿಗೆ 80 ಎಂಬಿ ಅಂತ ಕಂಪನಿಯೇ ಹೇಳಿಕೊಂಡಿದೆ. ವೇಗದ ಇನ್ನೊಂದು ಡ್ರೈವ್‌ನಿಂದ 150 ಜಿಬಿಯ ಗೇಮ್ ಕಾಪಿ ಮಾಡಿದರೆ 20 ನಿಮಿಷಕ್ಕೂ ಹೆಚ್ಚು ಬೇಕು. ಒಳ್ಳೆಯ ಟಿಎಲ್‌ಸಿ ಸಾಟಾ ಡ್ರೈವ್‌ಗೆ ಅದೇ ಕೆಲಸ ಐದು ನಿಮಿಷದ್ದು.

ಇಲ್ಲಿ ಇನ್ನೊಂದು ಮಾತು ಹೇಳಲೇಬೇಕು. ನೆಟ್‌ನಿಂದ ಇಳಿಸಿಕೊಳ್ಳುವವರಿಗೆ ಇದರ ಬಿಸಿ ಅಷ್ಟಾಗಿ ತಟ್ಟಲ್ಲ. 100 ಎಂಬಿಪಿಎಸ್ ನೆಟ್ ಅಂದರೂ ಸೆಕೆಂಡಿಗೆ ಬರೋದು 12 ಎಂಬಿ ಚಿಲ್ಲರೆ. ಅದಕ್ಕೆ 80 ಎಂಬಿ ಧಾರಾಳವಾಯ್ತು. ಹಾಗಾಗಿ ವಿಂಡೋಸ್ ಹಾಕುವ ಮುಖ್ಯ ಡ್ರೈವ್‌ಗೆ ಟಿಎಲ್‌ಸಿ ಇರಲಿ. ಗೇಮ್ ತುಂಬಿಡೋಕೆ ಅಂತಲೇ ಎರಡನೇ ಡ್ರೈವ್ ತರುವುದಾದರೆ, ಬೆಲೆಯಲ್ಲಿ ಒಳ್ಳೆಯ ವ್ಯತ್ಯಾಸ ಇದ್ದಾಗ ಕ್ಯೂಎಲ್‌ಸಿಯೂ ನಡೆಯುತ್ತೆ. ಬೆಲೆ ಹೆಚ್ಚುಕಮ್ಮಿ ಒಂದೇ ಇದ್ದರೆ ಟಿಎಲ್‌ಸಿ ಬಿಟ್ಟು ಕ್ಯೂಎಲ್‌ಸಿ ತಗೊಳ್ಳೋಕೆ ಕಾರಣವೇ ಇಲ್ಲ.

ಡಿರ್‍ಯಾಮ್ ಇರಲೇಬೇಕಾ?

ಯಾವ ಫೈಲು ಯಾವ ಕೋಶದಲ್ಲಿದೆ ಅನ್ನೋ ವಿಳಾಸದ ಪಟ್ಟಿಯನ್ನು ಇಟ್ಟುಕೊಳ್ಳಲು ಎಸ್‌ಎಸ್‌ಡಿಗೆ ಒಂದು ಖಾತೆ ಪುಸ್ತಕ ಬೇಕು. ಒಳ್ಳೆಯ ಡ್ರೈವ್‌ಗಳಲ್ಲಿ ಅದಕ್ಕೆ ಪ್ರತ್ಯೇಕ ಡಿರ್‍ಯಾಮ್ ಚಿಪ್ ಇರುತ್ತದೆ. ಅಗ್ಗದವುಗಳಲ್ಲಿ ಅದನ್ನು ಬಿಟ್ಟಿರುತ್ತಾರೆ.

ಎನ್‌ವಿಎಂಇ ಡ್ರೈವ್ ಆದ್ರೆ ಇದು ದೊಡ್ಡ ಚಿಂತೆಯಲ್ಲ. ಎಚ್‌ಎಂಬಿ ಅನ್ನೋ ವ್ಯವಸ್ಥೆಯಲ್ಲಿ ಡ್ರೈವ್ ತನಗೆ ಬೇಕಾದಷ್ಟು ಚಿಕ್ಕ ಜಾಗವನ್ನು ಕಂಪ್ಯೂಟರ್‌ನ ಮುಖ್ಯ ಮೆಮೊರಿಯಲ್ಲೇ ಕೈಗಡ ಪಡೆಯುತ್ತೆ. ವಿಂಡೋಸ್ 10 ಮತ್ತು 11 ಇದಕ್ಕೆ ಹೊಂದಿಕೊಂಡಿವೆ. ಎಸ್‌ಎನ್580ರಲ್ಲೂ ಡಿರ್‍ಯಾಮ್ ಇಲ್ಲ, ಗೇಮ್‌ಗಳಿಗೆ ಅದರಿಂದ ಕೊರತೆಯೂ ಇಲ್ಲ.

ಸಾಟಾ ಡ್ರೈವ್‌ಗೆ ಈ ಕೈಗಡದ ಅವಕಾಶ ಇಲ್ಲ. ಹೀಗಾಗಿ ಸಾಟಾ ತಗೊಳ್ಳುವವರು, ಅದರಲ್ಲೂ ಅದೇ ಡ್ರೈವ್‌ಗೆ ವಿಂಡೋಸ್ ಹಾಕುವವರು, ಡಿರ್‍ಯಾಮ್ ಇರುವುದನ್ನು ನೋಡಿ ತಗೊಂಡರೆ ಒಳ್ಳೇದು. ಸ್ಯಾಮ್‌ಸಂಗ್ 870 ಇವೊ, ಕ್ರೂಷಿಯಲ್ ಎಂಎಕ್ಸ್500 ಈ ಗುಂಪಿನವು. ಎರಡಕ್ಕೂ ಐದು ವರ್ಷದ ವಾರಂಟಿ. 1 ಟಿಬಿ ಮಾಡೆಲ್‌ಗೆ ಟಿಬಿಡಬ್ಲ್ಯು ಕ್ರಮವಾಗಿ 600 ಮತ್ತು 360. ಕಿಂಗ್‌ಸ್ಟನ್ ಎ400, ಕ್ರೂಷಿಯಲ್ ಬಿಎಕ್ಸ್500 ಡಿರ್‍ಯಾಮ್ ಇಲ್ಲದವು, ವಾರಂಟಿ ಮೂರು ವರ್ಷ. ಹಳೇ ಕಂಪ್ಯೂಟರ್‌ಗೆ ಜೀವ ತುಂಬೋಕೆ ಇವು ಸಾಕು.

ಹೆಸರು ಅದೇ, ಒಳಗಿನ ಹೂರಣ ಬೇರೆ

ಎರಡು ವರ್ಷದ ಹಿಂದೆ ಸ್ನೇಹಿತ ತಗೊಂಡ ಡ್ರೈವ್ ಚೆನ್ನಾಗಿದೆ ಅಂತ ಅದೇ ಮಾಡೆಲ್ ತರುವವರಿದ್ದಾರೆ. ಆದರೆ ಹೆಸರು ಬದಲಿಸದೆ ಒಳಗಿನ ಚಿಪ್ ಬದಲಿಸುವ ರೂಢಿ ಈ ವ್ಯಾಪಾರದಲ್ಲಿದೆ. ಕ್ರೂಷಿಯಲ್ ಪಿ2 ಡ್ರೈವ್ ಟಿಎಲ್‌ಸಿಯಿಂದ ಕ್ಯೂಎಲ್‌ಸಿಗೆ ಬದಲಾಗಿದ್ದು, ಡಬ್ಲ್ಯುಡಿ ಬ್ಲೂ ಎಸ್‌ಎನ್550 ಡ್ರೈವ್‌ನ ಚಿಪ್ ಬದಲಾಗಿ ಕ್ಯಾಶ್ ಮುಗಿದ ಮೇಲಿನ ವೇಗ ಕುಸಿದಿದ್ದು 2021ರಲ್ಲಿ ದೊಡ್ಡ ಸುದ್ದಿಯಾಗಿತ್ತು. ಕಿಂಗ್‌ಸ್ಟನ್ ಎನ್‌ವಿ2 ಮಾಡೆಲ್‌ನಲ್ಲಂತೂ ಬೇರೆ ಬೇರೆ ಬ್ಯಾಚ್‌ಗೆ ಬೇರೆ ಬೇರೆ ಚಿಪ್ ಬಂದಿವೆ.

ಹಾಗಾಗಿ ಹಳೇ ರಿವ್ಯೂ ನೋಡಿ ಪೂರ್ತಿ ನಂಬಬೇಡಿ. ಚಿಪ್ ಬದಲಾಗಬಹುದು, ಆದರೆ ವಾರಂಟಿ ಮತ್ತು ಟಿಬಿಡಬ್ಲ್ಯು ಕಂಪನಿ ಬರೆದು ಕೊಟ್ಟ ಮಾತು. ಚೌಕಾಸಿಗೆ ನಿಂತಾಗ ಗ್ರಾಹಕನ ಕೈಯಲ್ಲಿ ಉಳಿಯೋದು ಅದೇ.

ಎಸ್‌ಎಸ್‌ಡಿ ಸಾಯೋದು ಹೇಗೆ?

ಹಾರ್ಡ್ ಡಿಸ್ಕ್ ಹಾಳಾಗುವ ಮುಂಚೆ ಟಕ್ ಟಕ್ ಅಂತ ಸದ್ದು ಮಾಡಿ ಸೂಚನೆ ಕೊಡೋದುಂಟು. ಎಸ್‌ಎಸ್‌ಡಿಯಲ್ಲಿ ತಿರುಗುವ ಭಾಗವೇ ಇಲ್ಲ. ನಿನ್ನೆ ರಾತ್ರಿ ಚೆನ್ನಾಗಿತ್ತು, ಬೆಳಗ್ಗೆ ಆನ್ ಮಾಡಿದ್ರೆ ಡ್ರೈವೇ ಕಾಣಿಸ್ತಿಲ್ಲ, ಹೀಗೂ ಆಗುತ್ತೆ. ಚಿಪ್ ಸವೆದು ಹಾಳಾಗುವುದಕ್ಕಿಂತ ಮೊದಲೇ ಡ್ರೈವ್‌ನ ಮಿದುಳಾದ ಕಂಟ್ರೋಲರ್ ಅಥವಾ ಅದರೊಳಗಿನ ಫರ್ಮ್‌ವೇರ್ ಕೈ ಕೊಡುವುದುಂಟು.

2019ರ ನವೆಂಬರ್‌ನಲ್ಲಿ ಎಚ್‌ಪಿಇ ಕಂಪನಿ ಸರ್ವರ್‌ಗಳಿಗೆ ಮಾರಿದ್ದ ಕೆಲವು ಎಸ್‌ಎಸ್‌ಡಿಗಳ ಬಗ್ಗೆ ಎಚ್ಚರಿಕೆ ಕೊಟ್ಟಿತ್ತು. ಸರಿಯಾಗಿ 32,768 ಗಂಟೆ, ಅಂದರೆ 3 ವರ್ಷ 270 ದಿನ 8 ಗಂಟೆ ಓಡಿದ ಮೇಲೆ ಆ ಡ್ರೈವ್‌ಗಳು ನಿಂತೇ ಹೋಗುತ್ತಿದ್ದವು. ಕಾರಣ ಫರ್ಮ್‌ವೇರ್‌ನ ಒಂದು ತಪ್ಪು. 2023ರ ಆರಂಭದಲ್ಲಿ ಸ್ಯಾಮ್‌ಸಂಗ್‌ನ ದುಬಾರಿ 990 ಪ್ರೊ ಡ್ರೈವ್‌ಗಳ ‘ಆರೋಗ್ಯ’ ಅಂಕಿ ಅಸಹಜವಾಗಿ ಕುಸಿಯತೊಡಗಿದಾಗ ಕಂಪನಿ ಹೊಸ ಫರ್ಮ್‌ವೇರ್ ಬಿಡಬೇಕಾಯಿತು. ದುಬಾರಿ ಡ್ರೈವ್‌ಗೂ ಈ ಕಾಟ ತಪ್ಪಿದ್ದಲ್ಲ. ಫರ್ಮ್‌ವೇರ್ ಸರಿಪಡಿಸಿ ಕೊಡುವ ಕಂಪನಿಯ ಡ್ರೈವ್ ತಗೊಳ್ಳಬೇಕು ಅನ್ನೋದು ಇದಕ್ಕೇ. ಹೆಸರಿಲ್ಲದ ಬ್ರ್ಯಾಂಡ್ ಆದ್ರೆ ಅಪ್‌ಡೇಟ್ ಕೇಳೋದು ಯಾರನ್ನ?

ಮಲೆನಾಡಿನ ಕರೆಂಟ್, ಎಸ್‌ಎಸ್‌ಡಿಯ ಕಂಟಕ

ಜೂನ್ ಬಂತೆಂದರೆ ಮರ ಬಿದ್ದು ಲೈನ್ ಹೋಗೋದು, ಬಂದ ಕರೆಂಟ್ ಐದು ನಿಮಿಷಕ್ಕೆ ಮತ್ತೆ ಹೋಗೋದು ಜಿಲ್ಲೆಯವರಿಗೆ ಹೊಸತಲ್ಲ. ಎಸ್‌ಎಸ್‌ಡಿ ಬರೆಯುತ್ತಿರುವಾಗಲೇ ಕರೆಂಟ್ ಹೋದರೆ ಆ ವಿಳಾಸದ ಪಟ್ಟಿ ಅರ್ಧಂಬರ್ಧ ಆಗಿ ಫೈಲ್‌ಗಳು ಕೆಡುವ ಅಪಾಯ ಇದೆ. ಸರ್ವರ್‌ಗಳ ಎಸ್‌ಎಸ್‌ಡಿಯಲ್ಲಿ ಕರೆಂಟ್ ಹೋದರೂ ಕ್ಷಣಕಾಲ ಜೀವ ಹಿಡಿದಿಡುವ ಕೆಪಾಸಿಟರ್‌ಗಳಿರುತ್ತವೆ. ಬಜೆಟ್ ಡ್ರೈವ್‌ಗಳಲ್ಲಿ ಅಂಥ ರಕ್ಷಣೆ ಇರಲ್ಲ.

ಹಾಗಾಗಿ ಸ್ಪೀಡ್‌ಗೆ ಅಂತ ಎತ್ತಿಟ್ಟ ಹೆಚ್ಚಿನ ದುಡ್ಡನ್ನು ಯುಪಿಎಸ್‌ಗೆ ಹಾಕೋದು ಜಾಣತನ. ಮನೆಯಲ್ಲಿ ಇನ್ವರ್ಟರ್ ಇದ್ದರೆ ಅದರ ಹಿಂದೆ ‘ಯುಪಿಎಸ್ ಮೋಡ್’ ಸ್ವಿಚ್ ಇದೆಯಾ ನೋಡಿ. ಸಾಮಾನ್ಯ ಮೋಡ್‌ನಲ್ಲಿ ಲೈಟ್, ಫ್ಯಾನ್ ನಡೆಯುತ್ತವೆ, ಆದರೆ ಬದಲಾಗುವ ಆ ಒಂದು ಗಳಿಗೆಯಲ್ಲಿ ಕಂಪ್ಯೂಟರ್ ಆಫ್ ಆಗಿ ಮತ್ತೆ ಆನ್ ಆಗುತ್ತೆ. ಗುಡುಗು ಸಿಡಿಲಿನ ಹೊತ್ತಲ್ಲಿ ಪ್ಲಗ್ ಕಿತ್ತಿಡೋದು ಯಾವತ್ತೂ ಒಳ್ಳೆಯದು.

ನಕಲಿ ಮಾಲು ಗುರುತಿಸೋದು ಹೇಗೆ?

‘16 ಟಿಬಿ ಎಸ್‌ಎಸ್‌ಡಿ ಬರೀ 2 ಸಾವಿರ’ ಅನ್ನೋ ಜಾಹೀರಾತು ಕಂಡರೆ ಸ್ಕ್ರೋಲ್ ಮಾಡ್ಕೊಂಡು ಮುಂದೆ ಹೋಗಿ. ಇಂಥ ಪೋರ್ಟಬಲ್ ಡಬ್ಬಿಗಳನ್ನು ಬಿಚ್ಚಿ ನೋಡಿದಾಗ ಒಳಗೆ ಸಣ್ಣ ಮೆಮೊರಿ ಕಾರ್ಡ್ ಸಿಕ್ಕ ಉದಾಹರಣೆಗಳಿವೆ. ಕಂಪ್ಯೂಟರ್‌ಗೆ ಹಾಕಿದ್ರೆ 16 ಟಿಬಿ ಅಂತಲೇ ತೋರಿಸುತ್ತೆ. ನಿಜವಾದ ಜಾಗ ತುಂಬಿದ ಮೇಲೆ ಹಳೇ ಫೈಲ್‌ಗಳ ಮೇಲೆಯೇ ಹೊಸದನ್ನು ಬರೆಯುತ್ತಾ ಹೋಗುತ್ತೆ. ತೆರೆದು ನೋಡುವ ತನಕ ಮೋಸ ಹೋಗಿದ್ದೇ ಗೊತ್ತಾಗಲ್ಲ.

ಡ್ರೈವ್ ತಂದ ದಿನವೇ, ವಾಪಸ್ ಕೊಡುವ ಅವಧಿ ಮುಗಿಯುವ ಮುಂಚೆಯೇ ಈ ನಾಲ್ಕು ಕೆಲಸ ಮಾಡಿ.

• ಡಬ್ಬ ಬಿಚ್ಚುವಾಗ ಮೊಬೈಲ್‌ನಲ್ಲಿ ವಿಡಿಯೊ ಮಾಡಿಟ್ಟುಕೊಳ್ಳಿ. ಆನ್‌ಲೈನ್‌ನಲ್ಲಿ ತರಿಸಿದ್ದರೆ ಇದು ತಪ್ಪಿಸಲೇಬೇಡಿ.
• ಸೀರಿಯಲ್ ನಂಬರನ್ನು ಕಂಪನಿಯ ವೆಬ್‌ಸೈಟ್‌ನ ವಾರಂಟಿ ಪುಟದಲ್ಲಿ ಹಾಕಿ ನೋಡಿ. ಡಬ್ಬದ ನಂಬರ್, ಡ್ರೈವ್ ಮೇಲಿನ ನಂಬರ್ ಎರಡೂ ಒಂದೇ ಇರಬೇಕು.
• ಕ್ರಿಸ್ಟಲ್‌ಡಿಸ್ಕ್‌ಇನ್ಫೋ ಅನ್ನೋ ಉಚಿತ ಸಾಫ್ಟ್‌ವೇರ್ ಹಾಕಿ. ಡ್ರೈವ್ ಎಷ್ಟು ಗಂಟೆ ಓಡಿದೆ, ಎಷ್ಟು ಬರೆದಿದೆ ಎಲ್ಲ ತೋರಿಸುತ್ತೆ. ಹೊಸದಾದರೆ ಎರಡೂ ಹೆಚ್ಚುಕಮ್ಮಿ ಸೊನ್ನೆ ಇರಬೇಕು. ಸಾವಿರ ಗಂಟೆ ತೋರಿಸಿದರೆ ಅದು ಯಾರೋ ಬಳಸಿ ಬಿಟ್ಟ ಮಾಲು.
• ಸಂಶಯ ಇದ್ದರೆ ಎಚ್2ಟೆಸ್ಟ್‌ಡಬ್ಲ್ಯು ಅನ್ನೋ ಉಚಿತ ಸಾಫ್ಟ್‌ವೇರ್‌ನಿಂದ ಖಾಲಿ ಡ್ರೈವ್ ಪೂರ್ತಿ ತುಂಬಿಸಿ ಮತ್ತೆ ಓದಿಸಿ. ಹೇಳಿದಷ್ಟು ಜಾಗ ನಿಜವಾಗಿಯೂ ಇದೆಯಾ ಅನ್ನೋದು ಗೊತ್ತಾಗುತ್ತೆ.

ಆನ್‌ಲೈನ್‌ನಲ್ಲಿ ತರಿಸುವಾಗ ವೆಬ್‌ಸೈಟ್ ಹೆಸರು ದೊಡ್ಡದಿದ್ದರೆ ಸಾಲದು. ಅದರಲ್ಲಿ ಮಾರುತ್ತಿರುವವರು ಯಾರು ಅಂತ ಕೆಳಗೆ ಸಣ್ಣಕ್ಷರದಲ್ಲಿ ಇರುತ್ತೆ, ಅದನ್ನು ಓದಿ.

ಬಿಲ್ ಬೇಡ ಅಂದ್ರೆ ಯಾರಿಗೆ ನಷ್ಟ?

ಎಸ್‌ಎಸ್‌ಡಿ ಮೇಲೆ ಶೇ 18ರಷ್ಟು ಜಿಎಸ್‌ಟಿ ಇದೆ. ‘ಬಿಲ್ ಬೇಡ ಅಂದ್ರೆ ಸ್ವಲ್ಪ ಕಡಿಮೆ ಮಾಡ್ಕೊಡ್ತೀನಿ’ ಅನ್ನೋ ಮಾತಿಗೆ ಒಪ್ಪಿದರೆ ಐದು ವರ್ಷದ ಭದ್ರತೆ ಕೈಬಿಟ್ಟ ಹಾಗೆ. ಮಾಡೆಲ್ ಮತ್ತು ಸೀರಿಯಲ್ ನಂಬರ್ ಬರೆದ ಬಿಲ್ ಕೇಳಿ ಪಡೆಯಿರಿ. ಫೋಟೊ ತೆಗೆದು ಮೇಲ್‌ಗೆ ಕಳಿಸಿಟ್ಟುಕೊಳ್ಳಿ. ಅಂಗಡಿ ಬಿಲ್‌ನ ಶಾಯಿ ವರ್ಷದೊಳಗೆ ಮಾಸಿಹೋಗುತ್ತೆ.

ಡಬ್ಲ್ಯುಡಿ ಹೆಸರಿನ ಎಸ್‌ಎಸ್‌ಡಿ ಇರುವವರು ಒಂದು ವಿಷಯ ಗಮನದಲ್ಲಿಡಿ. 2025ರ ಫೆಬ್ರವರಿಯಲ್ಲಿ ಸ್ಯಾನ್‌ಡಿಸ್ಕ್ ಪ್ರತ್ಯೇಕ ಕಂಪನಿಯಾಗಿದ್ದು, ಎಸ್‌ಎಸ್‌ಡಿ ವ್ಯವಹಾರ ಈಗ ಅದರ ಕೈಯಲ್ಲಿದೆ.

ಮಾರಿದವರು ಬದಲಾಯಿಸಿ ಕೊಡಲು ಸತಾಯಿಸಿದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಬಹುದು. ಅಲ್ಲೂ ಬಗೆಹರಿಯದಿದ್ದರೆ ಜಿಲ್ಲಾ ಗ್ರಾಹಕ ವ್ಯಾಜ್ಯಗಳ ಪರಿಹಾರ ಆಯೋಗ ಇದೆ. 5 ಲಕ್ಷ ರೂಪಾಯಿವರೆಗಿನ ಖರೀದಿಗೆ ಅಲ್ಲಿ ದೂರು ಸಲ್ಲಿಸಲು ಶುಲ್ಕ ಇಲ್ಲ. ಎರಡು ವರ್ಷದೊಳಗೆ ದೂರು ಕೊಡಬೇಕು.

ವಾರಂಟಿಯಲ್ಲಿ ಡ್ರೈವ್ ಬರುತ್ತೆ, ಫೋಟೊ ಬರಲ್ಲ

ಇದು ಕೊನೆಯ ಮಾತು, ಆದರೆ ಎಲ್ಲಕ್ಕಿಂತ ಮುಖ್ಯವಾದದ್ದು. ಎಷ್ಟೇ ಒಳ್ಳೆಯ ಡ್ರೈವ್ ಇರಲಿ, ವಾರಂಟಿ ಎಷ್ಟೇ ವರ್ಷ ಇರಲಿ, ಹಾಳಾದರೆ ಕಂಪನಿ ಕೊಡೋದು ಬದಲಿ ಡ್ರೈವ್. ಒಳಗಿದ್ದ ಮದುವೆ ಫೋಟೊ, ಪ್ರಾಜೆಕ್ಟ್ ರಿಪೋರ್ಟ್ ಅದರ ಜೊತೆ ಬರಲ್ಲ. ಎಸ್‌ಎಸ್‌ಡಿಯಿಂದ ಡೇಟಾ ಹಿಂಪಡೆಯೋದು ಹಾರ್ಡ್ ಡಿಸ್ಕ್‌ಗಿಂತ ಕಷ್ಟ. ಡಿಲೀಟ್ ಆದ ಫೈಲ್‌ಗಳ ಜಾಗವನ್ನು ಅದು ತಾನಾಗಿಯೇ ಅಳಿಸಿ ಸ್ವಚ್ಛ ಮಾಡಿಕೊಳ್ಳುತ್ತೆ.

ಇದಕ್ಕೆ ಖರ್ಚಿಲ್ಲದ ದಾರಿ ಮನೆಯಲ್ಲೇ ಇದೆ. ಹೊಸ ಎಸ್‌ಎಸ್‌ಡಿ ಬಂತು ಅಂತ ಹಳೇ ಹಾರ್ಡ್ ಡಿಸ್ಕ್ ಮಾರಬೇಡಿ. ಕ್ರಿಸ್ಟಲ್‌ಡಿಸ್ಕ್‌ಇನ್ಫೋದಲ್ಲಿ ಅದರ ಆರೋಗ್ಯ ನೋಡಿ. ಚೆನ್ನಾಗಿದ್ದರೆ ಕಂಪ್ಯೂಟರ್‌ನಲ್ಲೇ ಎರಡನೇ ಡ್ರೈವ್ ಆಗಿ ಇಡಿ, ಇಲ್ಲವೇ ಯುಎಸ್‌ಬಿ ಕೇಸ್‌ಗೆ ಹಾಕಿ. ಫೋಟೊ, ದಾಖಲೆಗಳ ಒಂದು ಪ್ರತಿ ಎಸ್‌ಎಸ್‌ಡಿಯಲ್ಲಿ, ಇನ್ನೊಂದು ಪ್ರತಿ ಹಾರ್ಡ್ ಡಿಸ್ಕ್‌ನಲ್ಲಿ ಇರಲಿ. ಬಹಳ ಮುಖ್ಯವಾದವು ಮೊಬೈಲ್‌ನ ಕ್ಲೌಡ್‌ನಲ್ಲೂ ಇರಲಿ. ಗೇಮ್‌ಗೆ ಬ್ಯಾಕಪ್ ಬೇಡ, ನಾಳೆ ಮತ್ತೆ ಡೌನ್‌ಲೋಡ್ ಮಾಡ್ಕೋಬಹುದು.

ಅಂಗಡಿಗೆ ಹೋಗುವ ಮುಂಚೆ ಚೀಟಿಯಲ್ಲಿ ಬರ್ಕೊಳ್ಳಿ

• ಬೋರ್ಡ್‌ಗೆ ಯಾವುದು ಕೂರುತ್ತೆ? ಎನ್‌ವಿಎಂಇನಾ, ಸಾಟಾನಾ?
• ದೊಡ್ಡ ಗೇಮ್ ಆಡೋದಾದ್ರೆ 1 ಟಿಬಿ.
• ಮುಖ್ಯ ಡ್ರೈವ್‌ಗೆ ಟಿಎಲ್‌ಸಿ.
• ಐದು ವರ್ಷ ವಾರಂಟಿ, 1 ಟಿಬಿಗೆ 600ರ ಆಸುಪಾಸು ಟಿಬಿಡಬ್ಲ್ಯು ಸಿಕ್ಕರೆ ಮೊದಲ ಆಯ್ಕೆ.
• ಸೀರಿಯಲ್ ನಂಬರ್ ಸಮೇತ ಜಿಎಸ್‌ಟಿ ಬಿಲ್.
• ಇವೆಲ್ಲ ಸರಿ ಇದ್ದು, ಬೆಲೆಯೂ ಒಂದೇ ಇದ್ದರೆ ಆಗ ಸ್ಪೀಡ್ ನೋಡಿ.

ಎರಡು ಡ್ರೈವ್ ನಡುವೆ ಮನಸ್ಸು ತೂಗಾಡ್ತಿದ್ರೆ ಅಂಗಡಿಯವರಿಗೆ ಒಂದೇ ಪ್ರಶ್ನೆ ಕೇಳಿ: ‘ಅಣ್ಣ, ಇದು ಕೆಟ್ಟರೆ ಯಾರು, ಎಲ್ಲಿ, ಎಷ್ಟು ವರ್ಷದವರೆಗೆ ಬದಲಾಯಿಸಿ ಕೊಡ್ತಾರೆ?’ ಇದಕ್ಕೆ ಸ್ಪಷ್ಟ ಉತ್ತರ ಸಿಗುವ ಡಬ್ಬವನ್ನೇ ಮನೆಗೆ ತನ್ನಿ.